ಅಶು ಬಗ್ಗೆ ಗೊತ್ತಿರುವುದು

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ಪತ್ರ ತಯಾರಾಯಿತು. ಅದನ್ನು ಮಾಡಿಕೊಟ್ಟವನು ಅಬ್ರಹಾಂ ಬೆನ್ ಯಿಜು. ಈಗಿನ ಟುನೀಸಿಯಾದ ಮಹ್ದಿಯಾ ಎಂಬ ಬಂದರಿನಿಂದ ಬಂದಿದ್ದ ಯಹೂದಿ ವ್ಯಾಪಾರಿ. ಅಶು ಎಂಬ ನನ್ನ ದಾಸಿಯನ್ನು ಬಿಡುಗಡೆ ಮಾಡಿದ್ದೇನೆ, ಇನ್ನು ಅವಳ ಮೇಲೆ ಯಾರ ಹಕ್ಕೂ ಇಲ್ಲ ಅನ್ನುವುದು ಪತ್ರದ ಸಾರ. ಅವಳಿಗೆ ಬೆರಖಾ ಅಂತ ಹೊಸ ಯಹೂದಿ ಹೆಸರನ್ನೂ ಇಟ್ಟಿದ್ದಾರೆ. ಆ ಪತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

ಆಗ ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಕೆಳಗೆ ಕರಾವಳಿಯಲ್ಲಿ ಆಳುಪರು. ಆ ಕಾಲದ ನಮ್ಮ ಶಾಸನಗಳಲ್ಲಿ ಹೆಂಗಸರು ಇಲ್ಲ ಅಂತಲ್ಲ. ರಾಣಿಯರಿದ್ದಾರೆ, ಬಸದಿಗೆ ದಾನ ಕೊಟ್ಟವರಿದ್ದಾರೆ, ಗಂಡನ ಚಿತೆ ಏರಿದವರಿದ್ದಾರೆ. ಆದರೆ ಯಾರದೋ ಸೊತ್ತಾಗಿದ್ದು ಆಮೇಲೆ ಬಿಡುಗಡೆಯಾದ ಒಬ್ಬ ಹೆಣ್ಣು, ಹೆಸರು ಮತ್ತು ತಾರೀಖು ಸಮೇತ ಸಿಗುವುದು ತೀರಾ ಅಪರೂಪ. ಸಿಕ್ಕಿರುವುದು ನಮ್ಮ ಯಾವ ದೇವಸ್ಥಾನದ ಕಲ್ಲಿನಲ್ಲೂ ಅಲ್ಲ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಕೈರೋದ ಒಂದು ಸಿನಗಾಗ್‌ನ ಹಳೆ ಕಾಗದದ ರಾಶಿಯಲ್ಲಿ.

ಹಳೆಯ ಕೈರೋವನ್ನು ಫುಸ್ತಾತ್ ಅಂತಾರೆ. ಅಲ್ಲಿ ಬೆನ್ ಎಜ್ರಾ ಸಿನಗಾಗ್ ಇದೆ. ಯಹೂದಿಗಳಲ್ಲಿ ದೇವರ ಹೆಸರಿರುವ ಬರಹವನ್ನು ಹರಿಯುವ ಹಾಗಿಲ್ಲ, ಸುಡುವ ಹಾಗಿಲ್ಲ. ಹಳೆಯದಾದರೆ ಒಂದು ಕಡೆ ಕೂಡಿಟ್ಟು, ಆಮೇಲೆ ಮಣ್ಣಲ್ಲಿ ಹೂಳಬೇಕು. ಹಾಗೆ ಕೂಡಿಡುವ ಜಾಗವೇ ಗೆನಿಜಾ. ಗಣಪತಿ ಚಿತ್ರ ಇರುವ ಹಳೆ ಲಗ್ನಪತ್ರಿಕೆಗಳನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಅಟ್ಟದ ಮೇಲೆ ಕಟ್ಟಿಡುತ್ತೇವಲ್ಲ, ಸುಮಾರಾಗಿ ಅದೇ ಭಾವನೆ. ಫುಸ್ತಾತ್‌ನವರು ಕೂಡಿಡುವ ಅರ್ಧ ಕೆಲಸ ಚೆನ್ನಾಗಿ ಮಾಡಿದರು. ಹೂಳುವ ಅರ್ಧ ಬಾಕಿ ಉಳಿಯಿತು. ಹೆಂಗಸರು ಕೂರುವ ಮಹಡಿಯ ಕೊನೆಯಲ್ಲಿ, ಗೋಡೆಯ ಮೇಲ್ಭಾಗದ ಒಂದು ಕಂಡಿಯೊಳಗೆ ಕಾಗದಗಳನ್ನು ತೂರಿಸುತ್ತಾ ಹೋದರು. ನೂರಾರು ವರ್ಷ.

ಬರೀ ಧರ್ಮಗ್ರಂಥ ಹಾಕಿದ್ದರೆ ಕತೆ ಇಷ್ಟು ಸ್ವಾರಸ್ಯ ಆಗುತ್ತಿರಲಿಲ್ಲ. ಆ ಜನ ಮನೆಯಲ್ಲಿ ಆಡುತ್ತಿದ್ದದ್ದು ಅರೇಬಿಕ್, ಬರೆಯುತ್ತಿದ್ದದ್ದು ಅದೇ ಅರೇಬಿಕ್ ಮಾತನ್ನು ಹೀಬ್ರೂ ಅಕ್ಷರದಲ್ಲಿ. ಯಾವ ಪತ್ರವಾದರೂ ದೇವರನ್ನು ನೆನೆದೇ ಶುರು. ಹಾಗಾಗಿ ಅಂಗಡಿ ಲೆಕ್ಕ, ಸಾಲದ ಚೀಟಿ, ಮದುವೆ ಒಪ್ಪಂದ, ವಿಚ್ಛೇದನ ಪತ್ರ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಔಷಧಿ ಚೀಟಿ, ಗಂಡ ಮನೆಗೆ ಬರುತ್ತಿಲ್ಲ ಅನ್ನುವ ದೂರು, ಎಲ್ಲವೂ ಒಳಗೆ ಬಿತ್ತು. ಈಜಿಪ್ಟಿನ ಒಣ ಹವೆ ಅವನ್ನೆಲ್ಲ ಕಾಪಾಡಿತು. ಈಗ ಜಗತ್ತಿನ ಬೇರೆ ಬೇರೆ ಗ್ರಂಥಾಲಯಗಳಲ್ಲಿ ಹಂಚಿಹೋಗಿರುವ ಈ ತುಣುಕುಗಳ ಲೆಕ್ಕ ಮೂರು ಲಕ್ಷ ದಾಟುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯ ಒಂದರಲ್ಲೇ 1,93,000ದ ಹತ್ತಿರ ಇವೆ.

ಅವು ಕೇಂಬ್ರಿಜ್‌ಗೆ ಬಂದದ್ದು ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರಿಂದ. ಸ್ಕಾಟ್ಲೆಂಡಿನವರು, ಪೂರ್ವದ ಭಾಷೆಗಳನ್ನು ತಾವೇ ಕಲಿತು ಊರೂರು ಸುತ್ತಿದವರು. 1896ರಲ್ಲಿ ಅವರು ಕೊಂಡುತಂದಿದ್ದ ಒಂದು ಹಾಳೆಯನ್ನು ಕೇಂಬ್ರಿಜ್‌ನ ಹೀಬ್ರೂ ವಿದ್ವಾಂಸ ಸಾಲೊಮನ್ ಶೆಕ್ಟರ್‌ಗೆ ತೋರಿಸಿದರು. ಬೆನ್ ಸಿರಾ ಎಂಬ ಪ್ರಾಚೀನ ಕೃತಿಯ ಹೀಬ್ರೂ ಮೂಲ ಅದು ಅಂತ ಅವನಿಗೆ ಗೊತ್ತಾಯಿತು. ಆ ಮೂಲ ಶತಮಾನಗಳ ಹಿಂದೆಯೇ ಕಳೆದುಹೋಗಿತ್ತು. ಆ ವರ್ಷದ ಕೊನೆಗೆ ಶೆಕ್ಟರ್ ಕೈರೋಗೆ ಹೋದ, ಗೆನಿಜಾದ ಬಹುಪಾಲನ್ನು ಹೊತ್ತು ತಂದ. ಒಳಗಿನ ದೃಶ್ಯವನ್ನು ಅವನು ಪುಸ್ತಕಗಳ ರಣರಂಗ ಅಂತ ಬಣ್ಣಿಸಿದ್ದಾನೆ. ವಸಾಹತು ಕಾಲದ ಈ ಹೊತ್ತೊಯ್ಯುವಿಕೆ ಬಗ್ಗೆ ಬೇರೆಯೇ ಒಂದು ಬರಹ ಬರೆಯಬಹುದು. ಈಗ ಬೇಡ.

ಶೆಕ್ಟರ್‌ಗೆ ಬೇಕಾಗಿದ್ದದ್ದು ಧರ್ಮಗ್ರಂಥಗಳು. ಲೆಕ್ಕದ ಚೀಟಿ, ವ್ಯಾಪಾರದ ಓಲೆಗಳನ್ನು ಅರ್ಧ ಶತಮಾನ ಯಾರೂ ಅಷ್ಟಾಗಿ ಕೇಳಲಿಲ್ಲ. ಅವನ್ನು ಕೈಗೆತ್ತಿಕೊಂಡವರು ಎಸ್. ಡಿ. ಗಾಯ್ಟೈನ್. ಜರ್ಮನಿಯಲ್ಲಿ ಹುಟ್ಟಿ, 1923ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ, ಯೆಮೆನ್ ಯಹೂದಿಗಳ ಆಡುಮಾತು, ಬದುಕು ಅಧ್ಯಯನ ಮಾಡಿದ್ದವರು. ಆ ಹಿನ್ನೆಲೆ ಇಲ್ಲದಿದ್ದರೆ ಈ ಚೀಟಿಗಳ ಭಾಷೆ ಅವರಿಗೆ ಬಗ್ಗುತ್ತಿರಲಿಲ್ಲ. 1950ರ ಆಸುಪಾಸಿನಲ್ಲಿ ಭಾರತಕ್ಕೆ ಹೋಗಿಬರುತ್ತಿದ್ದ ಒಬ್ಬ ವ್ಯಾಪಾರಿಯ ವ್ಯಾಜ್ಯದ ಕಾಗದಗಳು ಅವರ ಕಣ್ಣಿಗೆ ಬಿದ್ದವು. ಅಲ್ಲಿಂದ ಭಾರತದ ವ್ಯಾಪಾರದ ಮೇಲೆ ಪುಸ್ತಕ ಬರೆಯಲು ಹೊರಟರು. ಬರೆಯುತ್ತಾ ಹೋದಂತೆ, ಮೊದಲು ಈ ವ್ಯಾಪಾರಿಗಳ ಸಮಾಜ ಎಂಥದ್ದು ಅಂತ ಅರ್ಥ ಮಾಡಿಕೊಳ್ಳಬೇಕು ಅನ್ನಿಸಿ ಆ ಪುಸ್ತಕವನ್ನು ಪಕ್ಕಕ್ಕಿಟ್ಟು ಮೆಡಿಟರೇನಿಯನ್ ಸಮಾಜದ ಮೇಲೆ ಐದು ಸಂಪುಟ ಬರೆದರು. ಟಿಪ್ಪಣಿಯ ಕಾರ್ಡುಗಳೇ 27,000ದ ಹತ್ತಿರ. 1985ರಲ್ಲಿ ತೀರಿಕೊಂಡರು. ಭಾರತದ ಪುಸ್ತಕವನ್ನು ಅವರ ಶಿಷ್ಯ ಮೊರ್ದೆಖಾಯ್ ಫ್ರೀಡ್‌ಮನ್ ಮುಂದುವರಿಸಿ, ಇಂಗ್ಲಿಷಿನಲ್ಲಿ ದೊಡ್ಡ ಸಂಪುಟವಾಗಿ ಬಂದದ್ದು 2008ರಲ್ಲಿ. ಈ ಕೆಲಸದಲ್ಲಿ ಯಾರಿಗೂ ಅವಸರ ಇಲ್ಲ.

ನಮ್ಮ ಬೆನ್ ಯಿಜು ಆ ಸಂಪುಟದ ಮುಖ್ಯ ಪಾತ್ರ. ಸುಮಾರು ಹದಿನೇಳು ವರ್ಷದ ಅವಧಿ, 1132ರಿಂದ 1149ರವರೆಗೆ, ಅವನ ಬದುಕು ಹೆಚ್ಚಾಗಿ ಮಲಬಾರ್ ಕರಾವಳಿಯಲ್ಲಿ. ಮಂಗಳೂರನ್ನು ಅವನ ಕಾಗದಗಳು ಮಂಜರೂರ್ ಅನ್ನುತ್ತವೆ. ಇಲ್ಲಿಂದ ಕಾಳುಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಯೆಮೆನ್ ಬಂದರು ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ತಾಮ್ರ, ಸೀಸ ಬರುತ್ತಿತ್ತು. ಯಾಕೆಂದರೆ ಇವನು ಇಲ್ಲಿ ಒಂದು ಕಂಚಿನ ಕಾರ್ಖಾನೆ ಇಟ್ಟಿದ್ದ. ಏಡನ್‌ನ ಗೆಳೆಯರು ಮುರಿದ ಹೂಜಿ, ಸವೆದ ಬೋಗುಣಿಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು. ಇದನ್ನು ಕರಗಿಸಿ ಇಂಥ ಆಕಾರದ, ಇಷ್ಟು ತೂಕದ ಹೊಸ ಪಾತ್ರೆ ಮಾಡಿಸಿಕೊಡು ಅಂತ ಜೊತೆಗೊಂದು ಓಲೆ. ನಮ್ಮ ಕಂಚುಗಾರರ ಕೈಕೆಲಸಕ್ಕೆ ಅರಬ್ಬಿ ಸಮುದ್ರದ ಆಚೆ ಎಷ್ಟು ಬೆಲೆ ಇತ್ತು ನೋಡಿ. ಗುಜರಿ ಸಾಮಾನನ್ನು ಸಮುದ್ರ ದಾಟಿಸುವಷ್ಟು.

ಓಲೆಗಳು ಓದಲು ಮಜಾ ಇವೆ. ಇಲ್ಲಿಯ ಒಬ್ಬ ಬೆನ್ ಯಿಜುವಿನಿಂದ ಏಲಕ್ಕಿಗೆ ಮುಂಗಡ ಇಸಕೊಂಡು ಮಾಲು ಕೊಡದೆ ಸತಾಯಿಸುತ್ತಾನೆ. ಏಡನ್‌ನ ಗೆಳೆಯ ಬರೆಯುವ ಉಪಾಯ ಇದು: ನಮ್ಮ ಏಡನ್‌ನಲ್ಲಿ ಸಾಲ ಉಳಿಸಿಕೊಂಡವರ ಹೆಸರು ಕೆಡಿಸುತ್ತೇವೆ ಅಂತ ಸ್ವಲ್ಪ ಹೆದರಿಸಿ ನೋಡು, ಕೊಟ್ಟರೂ ಕೊಟ್ಟಾನು. ಏಡನ್‌ನ ದೊಡ್ಡ ಕುಳ ಮದ್ಮೂನ್ ಅಂತ ಒಬ್ಬನಿದ್ದ, ಅಲ್ಲಿಯ ವ್ಯಾಪಾರಿಗಳ ಪ್ರತಿನಿಧಿ. ಅವನು ಮಾಲಿನ ಲೆಕ್ಕದ ಜೊತೆಗೆ ಉಡುಗೊರೆಯನ್ನೂ ಕಳಿಸುತ್ತಾನೆ. ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಮತ್ತೆ ಕಾಗದ. ಒಳ್ಳೆಯ ಈಜಿಪ್ಟಿನ ಕಾಗದ. ಓಲೆಗರಿಯ ನಾಡಿನಲ್ಲಿ ಕೂತ ಬೆನ್ ಯಿಜುವಿಗೆ ಕಾಗದ ಅಂದರೆ ಪ್ರಾಣ. ಅಷ್ಟೊಂದು ಬಂದರೂ ಅವನು ಬಂದ ಪತ್ರದ ಹಿಂಬದಿ, ಅಂಚು, ಸಂದುಗೊಂದಿನಲ್ಲೆಲ್ಲ ತನ್ನ ಲೆಕ್ಕ ಬರೆಯುತ್ತಾನೆ, ಕವಿತೆಯ ಕರಡು ಬರೆಯುತ್ತಾನೆ. ಹೌದು, ಕವಿತೆ ಬೇರೆ ಬರೆಯುತ್ತಿದ್ದ. ಅಷ್ಟೇನೂ ಒಳ್ಳೆಯ ಕವಿ ಅಲ್ಲವಂತೆ.

ಶಾಸನ ಓದಿ ಬೆಳೆದ ನಮಗೆ ಇದು ಬೇರೆಯದೇ ಲೋಕ. ಶಾಸನ ಅಂದರೆ ನೂರು ವರ್ಷದ ಮೇಲೂ ಜನ ಓದಲಿ ಅಂತಲೇ ಕೆತ್ತಿಸಿದ್ದು. ದಾನ, ಯುದ್ಧ, ವಂಶಾವಳಿ, ಕೊನೆಗೆ ಇದನ್ನು ಕೆಡಿಸಿದವನಿಗೆ ಶಾಪ. ಅಲ್ಲಿರುವ ಎಲ್ಲರೂ ಮುಖ ತೊಳೆದು, ಒಳ್ಳೆ ಬಟ್ಟೆ ಹಾಕಿಕೊಂಡೇ ನಿಂತಿರುತ್ತಾರೆ. ಗೆನಿಜಾದ ಕಾಗದಗಳನ್ನು ಬರೆದವರಿಗೆ ನಾವು ಇಣುಕುತ್ತೇವೆ ಅನ್ನುವ ಕಲ್ಪನೆಯೇ ಇರಲಿಲ್ಲ. ಅದಕ್ಕೇ 12ನೇ ಶತಮಾನದ ಮಂಗಳೂರಿನಲ್ಲಿ ಏಲಕ್ಕಿ ಮುಂಗಡದ ತಕರಾರು ನಡೆದದ್ದು ನಮಗೆ ಗೊತ್ತು.

ಈಚಿನ ವಿದ್ವಾಂಸರು ಇನ್ನೂ ಸಣ್ಣ ಸಣ್ಣ ವಸ್ತುಗಳ ಬೆನ್ನು ಹತ್ತಿದ್ದಾರೆ. ಎಲಿಜಬೆತ್ ಲ್ಯಾಂಬೋರ್ನ್ 2018ರಲ್ಲಿ ಬರೆದ ಪೂರ್ತಿ ಪುಸ್ತಕಕ್ಕೆ ವಸ್ತು ಏನು ಗೊತ್ತಾ? ಬೆನ್ ಯಿಜು ತನ್ನ ಕೈಯಾರೆ ಬರೆದಿಟ್ಟ ಸಾಮಾನಿನ ಪಟ್ಟಿ. ಭಾರತದಿಂದ ಏಡನ್‌ಗೆ ಹೊರಟಾಗ ಹಡಗಿಗೆ ಏರಿಸಿದ ಗಂಟುಮೂಟೆ, ಪಾತ್ರೆಪಗಡ, ದಾರಿಗೆ ಬೇಕಾದ ದಿನಸಿ. ಹಡಗಿನಲ್ಲಿ ಊಟ ಹಾಕುತ್ತಿರಲಿಲ್ಲ, ಎಲ್ಲ ನಾವೇ ಹೊತ್ತೊಯ್ಯಬೇಕು. ದೊಡ್ಡ ವ್ಯಾಪಾರದ ಲೆಕ್ಕ ಹುಡುಕುವವರಿಗೆ ಈ ಪಟ್ಟಿ ಕೆಲಸಕ್ಕೆ ಬಾರದ ಚೀಟಿ. ಲ್ಯಾಂಬೋರ್ನ್ ಅದರಿಂದಲೇ ಕೇಳುವ ಪ್ರಶ್ನೆ: ಮೆಡಿಟರೇನಿಯನ್ ತೀರದ ಒಬ್ಬ ಯಹೂದಿ, ಮಲಬಾರಿನಲ್ಲಿ ಮನೆ ಮಾಡಿ, ತನ್ನ ಧರ್ಮದಂತೆ ಉಣ್ಣುತ್ತಾ ಹೇಗೆ ಬದುಕಿದ?

ಈ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಬೆನ್ ಯಿಜುವಿನ ಜಾಗದಲ್ಲಿ ನಿಂತು ನೋಡಿ. ಶುಕ್ರವಾರ ಸಂಜೆ, ವಾರದ ವಿರಾಮದ ದಿನವಾದ ಸಬ್ಬತ್ ಶುರುವಾಗುವಾಗ, ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಮಂತ್ರ ಹೇಳಬೇಕು. ರೊಟ್ಟಿಯ ಆ ಮಂತ್ರ ಗೋಧಿ, ಬಾರ್ಲಿಯಂಥ ಐದು ಧಾನ್ಯಗಳಿಗೆ ಮಾತ್ರ ಸಲ್ಲುತ್ತದೆ. ಅಕ್ಕಿ ಆ ಐದರಲ್ಲಿಲ್ಲ. ತುಳುನಾಡಿನಲ್ಲಿ ಸಿಗುವುದು ಅಕ್ಕಿ. ಅಕ್ಕಿರೊಟ್ಟಿ ಎಷ್ಟೇ ರುಚಿಯಾಗಿದ್ದರೂ ಮಂತ್ರಕ್ಕೆ ಬರುವುದಿಲ್ಲ. ಹಾಗಾದರೆ ಗೋಧಿ ಹೊರಗಿನಿಂದ ಬರಬೇಕು. ಇನ್ನು ದ್ರಾಕ್ಷಿ? ಕರಾವಳಿಯ ಮಳೆಯಲ್ಲಿ ದ್ರಾಕ್ಷಿ ತೋಟದ ಮಾತೇ ಇಲ್ಲ. ಆದರೆ ಒಣದ್ರಾಕ್ಷಿ ನೆನೆಸಿ ಮಾಡಿದ ರಸವನ್ನು ಯಹೂದಿ ಶಾಸ್ತ್ರ ಒಪ್ಪುತ್ತದೆ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಹಾಗೇ ಮಾಡುತ್ತಾ ಬಂದಿದ್ದಾರೆ. ಇದು ಗೊತ್ತಾದ ಮೇಲೆ ಏಡನ್‌ನಿಂದ ಬರುತ್ತಿದ್ದ ಒಣದ್ರಾಕ್ಷಿಯ ಉಡುಗೊರೆ ಬರೀ ಬಾಯಿಚಪಲಕ್ಕೆ ಇರಲಾರದು ಅಂತ ನನಗೆ ಅನ್ನಿಸುತ್ತದೆ. ಧರ್ಮದ ಇತಿಹಾಸ ಅಂದರೆ ತತ್ವ, ವಾದ, ಪಂಥ ಅಂದುಕೊಂಡಿರುತ್ತೇವೆ. ಇಲ್ಲಿ ಅದು ಒಂದು ಡಬ್ಬಿ ಒಣದ್ರಾಕ್ಷಿಯ ಮೇಲೆ ನಿಂತಿದೆ.

ಮರೀನಾ ರಸ್ಟೋ ಅವರದು ಇನ್ನೊಂದು ದಾರಿ. ಗೆನಿಜಾದ ಎಷ್ಟೋ ಹೀಬ್ರೂ ಹಾಳೆಗಳ ಹಿಂಬದಿಯಲ್ಲಿ ಅರೇಬಿಕ್ ಲಿಪಿಯ ಒಂದೆರಡು ದಪ್ಪ ಸಾಲು, ನಡುವೆ ಬೇಕಾದಷ್ಟು ಖಾಲಿ ಜಾಗ ಇರುತ್ತದೆ. ಹೀಬ್ರೂ ಓದುವವರು ಅತ್ತ ನೋಡುತ್ತಿದ್ದದ್ದು ಕಡಿಮೆ. ಅವು ಆಗ ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ಖಲೀಫರ ಆಸ್ಥಾನದ ಆಜ್ಞೆಗಳು, ಅರ್ಜಿಗಳು, ತೆರಿಗೆ ಕಾಗದಗಳು. ಖಲೀಫನ ಆಜ್ಞೆ ಅಂದರೆ ಉದ್ದನೆಯ ಸುರುಳಿ. ಸಾಲುಗಳ ನಡುವೆ ಜಾಗ ಬಿಟ್ಟಷ್ಟೂ ಗತ್ತು ಜಾಸ್ತಿ. ಕೆಲಸ ಮುಗಿದ ಮೇಲೆ ಅದನ್ನು ತುಂಡು ತುಂಡು ಮಾಡಿದ್ದಾರೆ, ಖಾಲಿ ಜಾಗದಲ್ಲಿ ಸಿನಗಾಗ್‌ನ ಹಾಡುಗಾರ ತನ್ನ ಪ್ರಾರ್ಥನೆ ಬರೆದುಕೊಂಡಿದ್ದಾನೆ. ಮಧ್ಯಕಾಲದ ಇಸ್ಲಾಮಿಕ್ ರಾಜ್ಯಗಳಲ್ಲಿ ಕಾಗದಪತ್ರದ ಶಿಸ್ತೇ ಇರಲಿಲ್ಲ ಅನ್ನುವ ಹಳೆಯ ಮಾತೊಂದಿತ್ತಲ್ಲ, ಅದು ಸುಳ್ಳು ಅಂತ ರಸ್ಟೋ 2020ರ ಪುಸ್ತಕದಲ್ಲಿ ತೋರಿಸುತ್ತಾರೆ. ಸರ್ಕಾರದ ದಫ್ತರಿನ ಸಾಕ್ಷಿ ಸಿಕ್ಕಿದ್ದು ಯಹೂದಿಗಳ ರದ್ದಿಯಲ್ಲಿ. ಹಾಳೆಯನ್ನು ಮಗುಚಿ ನೋಡಿದ್ದಕ್ಕೆ.

ಇಷ್ಟೆಲ್ಲ ಹೇಳುವ ಈ ಕಾಗದಗಳು ಅಶು ವಿಷಯಕ್ಕೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತವೆ. ಬಿಡುಗಡೆ ಪತ್ರದ ಆಚೆ ಅವಳ ಹೆಸರೇ ಇಲ್ಲ. ಲೆಕ್ಕದ ಒಂದು ಕಡೆ ನಾಯರ್ ಅಂತ ಒಬ್ಬನನ್ನು ಬೆನ್ ಯಿಜು ಭಾವಮೈದುನ ಅನ್ನುವ ಅರ್ಥದಲ್ಲಿ ಕರೆಯುತ್ತಾನೆ. ಅದರ ಮೇಲೆ ಅಶು ನಾಯರ್ ಕುಲದವಳಿರಬಹುದು ಅಂತ ಊಹಿಸಿದ್ದಾರೆ. ಬಿಡುಗಡೆಯಾದ ಮೇಲೆ ಅವನು ಅವಳನ್ನು ಮದುವೆಯಾದ ಅಂತ ಗಾಯ್ಟೈನ್ ತಿಳಿದರು. ಅವನಿಗೆ ಮಕ್ಕಳಾದದ್ದು ನಿಜ. ಮಗಳು ಸಿತ್ ಅಲ್-ದಾರ್, ಮಗ ಸುರೂರ್, ಇನ್ನೊಬ್ಬ ಗಂಡುಮಗು ಚಿಕ್ಕಂದಿನಲ್ಲೇ ತೀರಿಕೊಂಡಿತು.

ಈ ಕತೆಯನ್ನು ಜಗತ್ತಿಗೆ ತಲುಪಿಸಿದವರು ಅಮಿತಾವ್ ಘೋಷ್. 1992ರಲ್ಲಿ ಬಂದ ಅವರ ಪುಸ್ತಕದ ನಾಯಕ ಬೆನ್ ಯಿಜು ಕೂಡ ಅಲ್ಲ, ಅವನ ದಾಸ ಬೊಮ್ಮ. 1148ರಲ್ಲಿ ಏಡನ್‌ನಿಂದ ಬಂದ ಒಂದು ಪತ್ರದ ಕೊನೆಯಲ್ಲಿ ಬೊಮ್ಮನಿಗೂ ನಮಸ್ಕಾರ ತಿಳಿಸು ಅಂತ ಇದೆ. ಆ ಒಂದು ಸಾಲಿನ ಹಿಂದೆ ಘೋಷ್ ವರ್ಷಗಟ್ಟಲೆ ಅಲೆದರು, ಅರೇಬಿಕ್ ಕಲಿತರು, ಮಂಗಳೂರಿಗೂ ಬಂದರು. ಹೀಬ್ರೂ ಲಿಪಿಯಲ್ಲಿ ಮೂರೇ ಅಕ್ಷರವಾಗಿದ್ದ ಹೆಸರನ್ನು ಬೊಮ್ಮ ಅಂತ ಓದಲು ಅವರಿಗೆ ದಾರಿ ತೋರಿಸಿದವರು ನಮ್ಮ ಬಿ. ಎ. ವಿವೇಕ ರೈ. ಬೊಮ್ಮ ಯಜಮಾನನ ಪರವಾಗಿ ಮಾಲು ತೆಗೆದುಕೊಂಡು ಏಡನ್‌ಗೆ ಹೋಗುತ್ತಿದ್ದ. ಒಂದು ಸಲ ಅಲ್ಲಿ ಕುಡಿದು, ಮತ್ತೆ ಮತ್ತೆ ಮದ್ಮೂನ್ ಹತ್ತಿರ ಹೋಗಿ ದುಡ್ಡಿಗೆ ಪೀಡಿಸಿದ್ದಾನೆ. ಮದ್ಮೂನ್ ಅದನ್ನು ದೂರಿ ಬರೆದಿದ್ದಾನೆ. ಒಂಬೈನೂರು ವರ್ಷದ ಹಿಂದಿನ ತುಳುನಾಡಿನ ಒಬ್ಬ ದಾಸ ಪರದೇಶದಲ್ಲಿ ಕುಡಿದು ಗಲಾಟೆ ಮಾಡಿದ ಸುದ್ದಿ! ಇದನ್ನು ಓದಿ ಖುಷಿಪಡದವರು ಯಾರು?

ಘೋಷ್ ಅವರ ಬರವಣಿಗೆ ನನಗೆ ತುಂಬಾ ಇಷ್ಟ. ಆದರೆ ಒಂದು ಕಡೆ ನನ್ನ ತಕರಾರಿದೆ. ಆ ಕಾಲದ ದಾಸ್ಯ ನಾವು ಅಂದುಕೊಂಡಂಥ ಗುಲಾಮಗಿರಿಯಲ್ಲ, ಯಜಮಾನ ಮತ್ತು ಶಿಷ್ಯನ ನಡುವಿನ ಸಂಬಂಧದ ಹಾಗಿತ್ತು ಅಂತ ಅವರು ವಾದಿಸುತ್ತಾರೆ. ಅದಕ್ಕೆ ನಮ್ಮ ವಚನಕಾರರ ಭಕ್ತಿಯನ್ನೂ ತರುತ್ತಾರೆ, ದೇವರ ಮುಂದೆ ತಾನು ಆಳು ಅನ್ನುವ ಭಾವವನ್ನು. ಬೊಮ್ಮನ ವಿಷಯದಲ್ಲಿ ಅಷ್ಟಿಷ್ಟು ಒಪ್ಪಬಹುದೇನೋ. ಅಶುಗೆ ಅದು ಹೊಂದುವುದಿಲ್ಲ. ಭಕ್ತ ತಾನಾಗಿ ದೇವರಿಗೆ ಆಳಾಗುವುದು ಬೇರೆ, ಒಬ್ಬಳನ್ನು ದುಡ್ಡು ಕೊಟ್ಟು ಮನೆಗೆ ತರುವುದು ಬೇರೆ. ಬೆನ್ ಯಿಜುವಿನಂಥ ಅನುಕೂಲಸ್ಥ ಪರವೂರಿನಲ್ಲಿ ತನ್ನ ಜನರ ಹುಡುಗಿಯನ್ನೇ ಮದುವೆಯಾಗಬಹುದಿತ್ತು, ಹಾಗೆ ಮಾಡಲಿಲ್ಲ ಅಂದರೆ ಪ್ರೀತಿಯೇ ಕಾರಣ ಅನ್ನುವ ಧಾಟಿಯಲ್ಲಿ ಕತೆ ಸಾಗುತ್ತದೆ. ಇರಬಹುದು. ಅವನ ಕಡೆಯಿಂದ. ಅವಳ ಕಡೆಯಿಂದ ನಮ್ಮ ಹತ್ತಿರ ಒಂದು ಅಕ್ಷರವೂ ಇಲ್ಲವಲ್ಲ.

ಈಚಿನ ಕೆಲಸ ಈ ವಿಷಯದಲ್ಲಿ ಹೆಚ್ಚು ನಿಷ್ಠುರ. ಕ್ರೇಗ್ ಪೆರಿ ಎಂಬ ಇತಿಹಾಸಕಾರ ಗೆನಿಜಾದಲ್ಲಿ ಸಿಗುವ ದಾಸದಾಸಿಯರ ಬದುಕನ್ನೇ ಅಧ್ಯಯನ ಮಾಡಿದ್ದಾರೆ. ಅಲ್ಲಿ ಹೆಂಗಸರೇ ಜಾಸ್ತಿ, ಮನೆಗೆಲಸಕ್ಕೆ ಇಟ್ಟುಕೊಂಡವರು. ನೂಬಿಯಾ, ಬೈಜಾಂಟಿಯಂ, ಭಾರತ, ಎಲ್ಲೆಲ್ಲಿಂದಲೋ ಬಂದವರು. ಯಜಮಾನನ ಮನೆಯಲ್ಲಿ ದಾಸಿಯ ಮೇಲೆ ಏನೇನು ನಡೆಯುತ್ತಿತ್ತು ಅನ್ನುವುದು ಅಂದಿನ ಯಹೂದಿ ಧರ್ಮಗುರುಗಳಿಗೂ ಚೆನ್ನಾಗಿ ಗೊತ್ತಿತ್ತು. ಶಾಸ್ತ್ರದ ಪ್ರಕಾರ ದಾಸಿಯೊಡನೆ ಸಂಬಂಧ ನಿಷಿದ್ಧ. ಸಂಬಂಧ ಇದೆ ಅಂತ ಗುಮಾನಿ ಬಂದವನು ಅವಳನ್ನು ಬಿಡುಗಡೆ ಮಾಡಿ ಮದುವೆಯಾಗುವುದಕ್ಕೂ ಶಾಸ್ತ್ರದ ಅಡ್ಡಿ ಇತ್ತು. ಬೆನ್ ಯಿಜುವಿನ ಮುಂದಿನ ತಲೆಮಾರಿನ ಮಹಾ ಪಂಡಿತ ಮೈಮೊನಿಡೀಸ್ ಇಂಥ ಒಂದು ಪ್ರಕರಣದಲ್ಲಿ, ಬಿಡುಗಡೆ ಮಾಡಿ ಮದುವೆಯಾಗಲಿ ಬಿಡಿ ಅಂದ. ನಿಷಿದ್ಧವಾದ ಕೊಬ್ಬನ್ನೇ ತಿನ್ನುವ ಬದಲು ಅದರ ಸಾರು ತಿನ್ನುವುದು ವಾಸಿ ಅನ್ನುವುದು ಅವನು ಕೊಟ್ಟ ಕಾರಣ. ಪಂಡಿತರ ಕರುಣೆ ಇದು. ಸಾರು ಅಂದದ್ದು ಒಬ್ಬ ಹೆಂಗಸಿನ ಬದುಕಿಗೆ ಅನ್ನುವುದನ್ನು ಮರೆಯದೆ ಓದಬೇಕು.

ಬೆನ್ ಯಿಜುವಿನ ಕಾಗದಗಳಲ್ಲೂ ದಾಸಿಯಿಂದ ಹುಟ್ಟಿದ ಮಕ್ಕಳ ಸ್ಥಾನಮಾನದ ಶಾಸ್ತ್ರಪ್ರಶ್ನೆಗಳ ಕರಡು ಇದೆ, ಅದನ್ನು ಫ್ರೀಡ್‌ಮನ್ ಗುರುತಿಸಿದ್ದಾರೆ. ತನ್ನ ಮಕ್ಕಳ ಕಡೆ ಜನ ಬೊಟ್ಟು ಮಾಡುತ್ತಾರೆ ಅನ್ನುವ ಭಯ ಅವನಿಗಿತ್ತು ಅಂತ ಕಾಣುತ್ತದೆ. ಆ ಭಯದ ಹಿಂದೆ ಪ್ರೀತಿ ಇದೆ, ಇಲ್ಲ ಅನ್ನುತ್ತಿಲ್ಲ. ಮಕ್ಕಳ ಮೇಲಿನದ್ದು.

1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೊರಟುಹೋದ. ಅದರ ಹಿಂದಿನ ವರ್ಷ ಸಿಸಿಲಿಯ ನಾರ್ಮನ್ ದೊರೆ ಅವನ ಹುಟ್ಟೂರು ಮಹ್ದಿಯಾವನ್ನು ಗೆದ್ದಿದ್ದ. ಮನೆಯವರು ದಿಕ್ಕಾಪಾಲಾಗಿದ್ದರು. ಏಡನ್‌ನಿಂದ ಅವನು ಒಡಹುಟ್ಟಿದವರಿಗೆ ಓಲೆ ಬರೆದ. ಮಕ್ಕಳ ಜೊತೆ ಕ್ಷೇಮವಾಗಿ ಬಂದಿದ್ದೇನೆ, ನಮ್ಮೆಲ್ಲರಿಗೂ ಸಾಕಾಗುವಷ್ಟು ದೇವರು ಕೊಟ್ಟಿದ್ದಾನೆ, ಮಗಳನ್ನು ನಮ್ಮವರಿಗೇ ಕೊಡಬೇಕು ಅಂತಿದ್ದೇನೆ. ಅಶು ಮಾತಿಲ್ಲ. ಆ ಕಾಲದ ಗಂಡಸರ ಓಲೆಗಳಲ್ಲಿ ಹೆಂಡತಿಯ ಹೆಸರು ಎತ್ತುವುದು ಮರ್ಯಾದೆ ಅಲ್ಲ, ಹಾಗಾಗಿ ಈ ಮೌನಕ್ಕೆ ಏನೂ ಅರ್ಥ ಇಲ್ಲದಿರಬಹುದು. ಅವಳು ಹಡಗು ಹತ್ತಲೇ ಇಲ್ಲ ಅಂತಲೂ ಇರಬಹುದು. ಕಾದಂಬರಿ ಬರೆಯುವವರು ಯಾವುದನ್ನಾದರೂ ಆರಿಸಿಕೊಳ್ಳಲಿ. ಇತಿಹಾಸ ಬರೆಯುವವರು ಎರಡನ್ನೂ ಹಾಗೇ ಬಿಟ್ಟರೆ ನನಗೆ ಸಮಾಧಾನ. ಆ ಖಾಲಿ ಜಾಗವನ್ನು ತುಂಬಿಸದೆ ಇರುವುದಕ್ಕೂ ಧೈರ್ಯ ಬೇಕು.

ಏಡನ್‌ನ ಗೆಳೆಯ ಖಲಫ್ ತನ್ನ ಮಗನಿಗೆ ಸಿತ್ ಅಲ್-ದಾರ್‌ಳನ್ನು ತಂದುಕೊಳ್ಳುವ ಆಸೆಪಟ್ಟ. ಹುಡುಗಿ ಕೆಲವು ವರ್ಷ ಅವರ ಮನೆಯಲ್ಲೇ ಬೆಳೆದಿದ್ದಳು. ಬೆನ್ ಯಿಜು ಒಪ್ಪಲಿಲ್ಲ, ರಕ್ತಸಂಬಂಧವೇ ಬೇಕು ಅಂದ. 1156ರಲ್ಲಿ ಫುಸ್ತಾತ್‌ನಲ್ಲಿ ಅವಳ ಮದುವೆ ಚಿಕ್ಕಪ್ಪ ಯೂಸುಫ್‌ನ ಮಗ ಪೆರಹ್ಯಾ ಜೊತೆ ಆಯಿತು. ಅವನು ಮುಂದೆ ಈಜಿಪ್ಟಿನ ಅಲ್-ಮಹಲ್ಲಾದಲ್ಲಿ ಯಹೂದಿ ನ್ಯಾಯಾಧೀಶನಾದ. ಆ ಸಮಾಜದಲ್ಲಿ ಹುಡುಗಿಯ ಬಲ ಅಂದರೆ ಅವಳ ತವರಿನವರು ಅಂತ ಈವ್ ಕ್ರಾಕೋವ್ಸ್ಕಿ 2018ರ ಪುಸ್ತಕದಲ್ಲಿ ತೋರಿಸಿದ್ದಾರೆ. ಹಿಂದೆ ನಿಂತು ಮಾತಾಡುವ ಅಪ್ಪ, ಅಣ್ಣತಮ್ಮಂದಿರು ಇದ್ದರೆ ಸರಿ, ಇಲ್ಲದವಳ ಪಾಡು ಕಷ್ಟ. ಅದನ್ನು ಓದಿದ ಮೇಲೆ ಬೆನ್ ಯಿಜುವಿನ ಹಟ ಅರ್ಥವಾಗುತ್ತದೆ. ಈ ಮಗಳಿಗೆ ತಾಯಿಯ ಕಡೆಯ ತವರು ಇದ್ದದ್ದು ಸಮುದ್ರದ ಆಚೆ.

ಬೆನ್ ಯಿಜುವಿನ ಕಾಗದದ ಗಂಟು ಅವನ ಕುಟುಂಬದ ಜೊತೆಗೇ ಫುಸ್ತಾತ್ ತಲುಪಿರಬೇಕು, ಇಲ್ಲದಿದ್ದರೆ ಮಂಗಳೂರಿನ ಲೆಕ್ಕ ಅಲ್ಲಿಯ ಗೋಡೆಯೊಳಗೆ ಸೇರುತ್ತಿರಲಿಲ್ಲ. ಈಗ ಅವು ಎಲ್ಲರಿಗೂ ಸಿಗುತ್ತವೆ. ಕೇಂಬ್ರಿಜ್ ಸಾವಿರಾರು ತುಣುಕುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದೆ. ಪ್ರಿನ್ಸ್‌ಟನ್‌ನ ಗೆನಿಜಾ ಯೋಜನೆ ಪಠ್ಯಗಳನ್ನು ಹುಡುಕಲು ಬರುವ ಹಾಗೆ ಇಟ್ಟಿದೆ. ಒಂದೇ ಹಾ‍ಳೆ ಹರಿದು ಎರಡು ದೇಶಗಳಿಗೆ ಹೋಗಿದ್ದರೆ ಕಂಪ್ಯೂಟರ್ ಅವನ್ನು ಜೋಡಿಸಿ ತೋರಿಸುತ್ತದೆ. ಕೈಬರಹ ಓದುವುದನ್ನು ಯಂತ್ರಕ್ಕೆ ಕಲಿಸುವ ಕೆಲಸವೂ ಜೋರಾಗಿ ನಡೆದಿದೆ.

ಆದರೆ ಯಂತ್ರಕ್ಕೆ ಬೊಮ್ಮ ಯಾರು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ತುಳುನಾಡಿನ ಹೆಸರುಗಳ ನಡುವೆ ಬೆಳೆದವರೇ ಬೇಕಾಯಿತು. ಬೆನ್ ಯಿಜುವಿನ ಲೆಕ್ಕಗಳಲ್ಲಿ ಇಲ್ಲಿಯ ಹಡಗಿನ ಒಡೆಯರು, ಬನಿಯಾಗಳು, ಅಡಿಕೆ ಏಲಕ್ಕಿ ಕೊಟ್ಟವರು ಎಷ್ಟೋ ಜನ ಇದ್ದಾರೆ, ಎಲ್ಲರ ಹೆಸರೂ ಸ್ವರವಿಲ್ಲದ ಹೀಬ್ರೂ ಅಕ್ಷರದಲ್ಲಿ. ಕರಾವಳಿಯ ಶಾಸನಗಳನ್ನು ಓದಿದ ನಮ್ಮ ಹುಡುಗರು ಹುಡುಗಿಯರು ಯಾರಾದರೂ ಆ ಕಡೆ ಕೈಹಾಕಿದರೆ ಮಾಡುವುದಕ್ಕೆ ಬೇಕಾದಷ್ಟಿದೆ. ಹೀಬ್ರೂ ಲಿಪಿಯಲ್ಲಿ ಇರುವುದು ಇಪ್ಪತ್ತೆರಡೇ ಅಕ್ಷರ, ನಮ್ಮ ಒತ್ತಕ್ಷರ ಕಲಿತವರಿಗೆ ಅದೇನೂ ಕಷ್ಟ ಅಲ್ಲ. ಅರೇಬಿಕ್‌ಗೆ ಮಾತ್ರ ಒಂದಷ್ಟು ವರ್ಷ ಎತ್ತಿಡಬೇಕು.